ಎರಡನೆಯ ಹೆರಳು

ಆ ಬೆಳಿಗ್ಗೆ ಮಗಳು ಹೊನ್ನಿಗೆ ಒಂದು ಹೆರಳು ಹಾಕಿ ಮುಗಿದಿತ್ತು. ಎರಡನೆಯದಕ್ಕೆ ಕೂದಲನ್ನು ಮೂರು ಪಾಲು ಮಾಡಿಕೊಂಡು, ಕೆಂಪು ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಅವಳು ನನ್ನ ಮುಂದೆ ಮಣೆಯ ಮೇಲೆ ಕುಳಿತು ಬಾಯಿಪಾಠದ ಪದ್ಯ ಒಪ್ಪಿಸುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪುತ್ತಿದ್ದಳು. ಅಷ್ಟರಲ್ಲಿ ಗೋಡೆಯ ಫೋನು ಬಾರಿಸಿತು.

ನಮ್ಮದು ಕೇಳುವ ಮನೆ. ಓಣಿಗೊಂದರಂತೆ ಊರಿನಲ್ಲಿ ಇಂಥ ಮನೆಗಳಿವೆ. ಬೀಡಿ ಸಿಗರೇಟು ಬಿಡಬೇಕೆಂದು ಮನಸ್ಸು ಮಾಡಿದವರು, ತಲಬು ಎದ್ದು ಕೈ ಕಿಸೆಗೆ ಹೋಗುವ ಹೊತ್ತಿಗೆ ನಮಗೆ ಫೋನು ಮಾಡುತ್ತಾರೆ. ಅವರ ಹೆಸರು ನಾವು ಕೇಳುವುದಿಲ್ಲ, ನಮ್ಮದನ್ನು ಹೇಳುವುದಿಲ್ಲ. ಇದು ಸುಣ್ಣದ ಭಟ್ಟಿಗಳ ಊರು. ಗಂಡಸರಲ್ಲಿ ಸೇದದವರು ಕಡಿಮೆ, ಬಿಡಬೇಕೆಂದು ಒಮ್ಮೆಯಾದರೂ ಅಂದುಕೊಳ್ಳದವರು ಇನ್ನೂ ಕಡಿಮೆ. ಅದಕ್ಕೇ ಬೆಳಗಿನ ಚಹಾದ ಹೊತ್ತಿಗೆ ನಮ್ಮ ಫೋನುಗಳಿಗೆ ಬಿಡುವಿರುವುದಿಲ್ಲ.

ಫೋನು ಹಿಡಿದವರು ಇನ್ನೊಬ್ಬರ ಮೈ ಮುಟ್ಟಬಾರದು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಾರಿಸಿದ ಸದ್ದು ಕೇಳಿದರೆ ತಾವಾಗಿಯೇ ತೊಡೆಯಿಂದ ಇಳಿದು ಅಂಗಳಕ್ಕೆ ಓಡುತ್ತವೆ. ಹೊನ್ನಿಯೂ ಎದ್ದಳು. ಆದರೆ ಶಾಲೆಯ ಮೊದಲ ಗಂಟೆ ಆಗಲೇ ಹೊಡೆದಿತ್ತು. ಒಂದೇ ಹೆರಳಿನಲ್ಲಿ ಕಳಿಸುವುದು ಹೇಗೆ? ನಾನೇ ಅವಳ ಹೆಗಲು ಒತ್ತಿ ಕೂರಿಸಿದೆ. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೆಣೆಯತೊಡಗಿದೆ.

ಆ ಕಡೆ ಒಬ್ಬ ಮುದುಕ. ದನಿಯಲ್ಲೇ ಸುಣ್ಣದ ಧೂಳಿತ್ತು. "ಯವ್ವಾ, ಚಹಾ ಕುಡಿದೇನಿ. ಕೈ ತಾನಾ ಕಿಸೆಕ್ಕ ಹೊಂಟೈತಿ" ಎಂದ.

ಬಿಡು ಎಂದು ನಾವು ಹೇಳುವುದಿಲ್ಲ. ಅದನ್ನು ಅವರು ತಮಗೆ ತಾವೇ ಸಾಕಷ್ಟು ಸಲ ಹೇಳಿಕೊಂಡಿರುತ್ತಾರೆ. ಎಲ್ಲಿ ಕೂತಿದ್ದೀರಿ, ಎದುರಿಗೆ ಏನು ಕಾಣುತ್ತಿದೆ ಎಂದು ಕೇಳುತ್ತೇವೆ. ನೀರು ತರಿಸಿ ಗುಟುಕು ಗುಟುಕಾಗಿ ಕುಡಿಸುತ್ತೇವೆ. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಮಾತಾಡಿಸುತ್ತೇವೆ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಬಲಮೊಣಕಾಲು ಎತ್ತಿ ಕೂತಿದ್ದೇನೆ ಎಂದ ಮುದುಕ. ಮೀಸೆ ಬಂದಾಗಿನಿಂದ ದಿನದ ಮೊದಲ ಬೀಡಿ ಹಾಗೆ ಕೂತೇ ಸೇದಿದ್ದಂತೆ. ಮಗಳು ಹೆರಿಗೆಗೆ ಬಂದಿದ್ದಾಳೆ. ಈ ವಾಸನೆಯ ಕೈಗೆ ನನ್ನ ಕೂಸನ್ನು ಕೊಡುವುದಿಲ್ಲ ಎಂದು ಅವಳು ಹೇಳಿಬಿಟ್ಟಿದ್ದಾಳೆ. ಅಳುತ್ತಲೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ, ಅಕ್ಕಿ ಆರಿಸುತ್ತ ಹೇಳಿದಳು, ಅದಕ್ಕೇ ಎದೆಗೆ ನಾಟಿತು ಎಂದ. ನಾನು ಕೇಳುತ್ತ, ಹ್ಞೂಂ ಅನ್ನುತ್ತ, ಹೆಣೆಯುತ್ತಿದ್ದೆ. ರಿಬ್ಬನ್ನು ಕಟ್ಟುವ ಹೊತ್ತಿಗೆ ಅವನು ದೊಡ್ಡದೊಂದು ಉಸಿರು ಬಿಟ್ಟ.

"ಹೋತವಾ. ಹೋತು ನೋಡು."

ಎಲ್ಲರೂ ಹಾಗೇ ಅನ್ನುತ್ತಾರೆ. ಅಲ್ಲಿಂದ ಹೋದ ತಲಬು ತಂತಿಯ ಈ ತುದಿಗೆ ಬರುತ್ತದೆ. ಬಂದು, ಕೇಳಿಸಿಕೊಂಡವರ ನಾಲಗೆಯ ಬುಡದಲ್ಲಿ ಕೂರುತ್ತದೆ. ಅದು ಜಾಗ ಹಿಡಿಯುವ ಮೊದಲು ಕೈಯಿಂದ ಇಳಿಸಿಕೊಳ್ಳಬೇಕು. ಪಕ್ಕದ ಓಣಿಯ ಸಂಕವ್ವ ಒಣಮೆಣಸಿನಕಾಯಿ ಕುಟ್ಟಿ ಇಳಿಸುತ್ತಾಳೆ. ಅರ್ಧ ಊರಿಗೆ ಅವಳದೇ ಖಾರಪುಡಿ. ನಾನು ಪಾತ್ರೆ ತಿಕ್ಕುತ್ತೇನೆ. ಹುಣಸೆಹಣ್ಣು, ಬೂದಿ, ತೆಂಗಿನ ಜುಂಗು ಯಾವಾಗಲೂ ಬಚ್ಚಲಲ್ಲಿ ಸಿದ್ಧವಾಗಿರುತ್ತವೆ. ನಮ್ಮ ಹಿತ್ತಾಳೆ ಕೊಡದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಕನ್ಯೆ ನೋಡಲು ಹೊರಟವರು ಕೇಳುವ ಮನೆಯ ಹುಡುಗಿಯಾದರೆ ಪಾತ್ರೆಯ ಚಿಂತೆ ಇಲ್ಲ ಎಂದು ನಗೆಯಾಡುವುದುಂಟು.

ಹೊನ್ನಿಯನ್ನು ಶಾಲೆಗೆ ಅಟ್ಟಿ ನಾನು ಬಚ್ಚಲಿಗೆ ಹೋದೆ. ಕೊಡ ಮುಂದಿಟ್ಟುಕೊಂಡು ಕೂತರೆ ಕೈ ಮೇಲೇಳಲಿಲ್ಲ. ಗಂಟಲು ತಿಳಿನೀರಿನಂತೆ ಇತ್ತು. ನಾಲಗೆಯ ಬುಡದಲ್ಲಿ ಏನೂ ಇರಲಿಲ್ಲ. ಎಷ್ಟೋ ವರ್ಷ ಕೇಳಿ ಕೇಳಿ ನನಗೆ ಒಂದು ಶಕ್ತಿ ಬಂದಿದೆ ಎಂದುಕೊಂಡೆ. ಸಂತೋಷವಾಯಿತು. ಸಂಜೆ ಸಂಕವ್ವನಿಗೆ ಹೇಳಿಯೂ ಹೇಳಿದೆ. ಅವಳು ಒನಕೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಬಂದದ್ದು ಎಲ್ಲಿಗೆ ಹೋತ ಮತ್ತ? ಉಣ್ಣಲಾರದ ಎದ್ದು ಹೋಗೂ ಬೀಗರಲ್ಲ ಅದು" ಎಂದಳು. ನನ್ನ ಹೆಚ್ಚುಗಾರಿಕೆ ಅವಳಿಗೆ ಸಹಿಸಲಾಗಲಿಲ್ಲ ಎಂದೇ ನಾನು ತಿಳಿದೆ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಶಾಲೆಯಿಂದ ಬಂದ ಹೊನ್ನಿ ರೊಟ್ಟಿ ಮುರಿದು ಹಾಗೇ ಬಿಟ್ಟಳು. ಬೆಲ್ಲ ಬೇಕೆಂದಳು. ಕೊಟ್ಟರೆ ಅರ್ಧ ಕಚ್ಚಿ ಇಟ್ಟಳು. ಹುಣಸೆಹಣ್ಣು ಕೇಳಿದಳು, ಉಪ್ಪು ಕೇಳಿದಳು, ಒಲೆಯ ಹಿಂದಿನ ಹುರಿಗಡಲೆ ಕೇಳಿದಳು. ಒಂದೊಂದನ್ನೂ ಬಾಯಿಗಿಟ್ಟು, ಇದಲ್ಲ ಅನ್ನುವಂತೆ ನನ್ನ ಕಡೆ ನೋಡುತ್ತಿದ್ದಳು. ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ಹೆರಳಿನ ತುದಿಯನ್ನು ಕಚ್ಚಿ ಕಚ್ಚಿ ಒದ್ದೆ ಮಾಡಿಕೊಳ್ಳುವಳು. ಅದೂ ಎಡಗಡೆಯದು, ಎರಡನೆಯದು. ದೇವರ ಮುಂದೆ ಊದುಬತ್ತಿ ಹಚ್ಚಿದರೆ ಎಲ್ಲಿದ್ದರೂ ಬಂದು ಅದರ ಹೊಗೆಯ ಮೇಲೆ ಬಗ್ಗಿ ನಿಲ್ಲುವಳು. ಭಕ್ತಿ ಬಂದಿದೆ ಎಂದು ನಮ್ಮ ಮನೆಯವರು ನಕ್ಕರು. ಅವರು ಭಟ್ಟಿಯಲ್ಲಿ ತೂಕದ ಕೆಲಸ ಮಾಡುವವರು. ಊರಿನಲ್ಲಿ ಬೀಡಿ ಮುಟ್ಟದ ಗಂಡಸರು ಯಾರು ಎಂದರೆ ಮೊದಲು ಅವರ ಹೆಸರು ಹೇಳುತ್ತಾರೆ. ಮಗಳಿಗೆ ಪೇಟೆಯಿಂದ ಬಗೆಬಗೆಯ ತಿಂಡಿ ತಂದುಕೊಟ್ಟರು. ಯಾವುದೂ ಅಲ್ಲ.

ಕೆಲವು ಸಲ ಅವಳು ನಾನು ರೊಟ್ಟಿ ತಟ್ಟುವಲ್ಲಿಗೆ ಬಂದು ನಿಲ್ಲುತ್ತಿದ್ದಳು. "ಯವ್ವಾ" ಎನ್ನುವಳು. ಏನವಾ ಎಂದರೆ ತುಟಿ ತೆರೆದು, ಮತ್ತೆ ಮುಚ್ಚಿ, ಏನಿಲ್ಲ ಎಂದು ಹೋಗಿಬಿಡುವಳು. ಜಂತು ಆಗಿರಬೇಕು ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಹಿಡಿದು ಕೂರಿಸಿ ಔಡಲೆಣ್ಣೆ ಕುಡಿಸಿದೆ. ಅವಳು ಅಳಲಿಲ್ಲ. ಬಟ್ಟಲನ್ನು ತಾನೇ ತೊಳೆದಿಟ್ಟಳು. ಆಮೇಲೆ ಯವ್ವಾ ಎಂದು ಬಂದು ನಿಲ್ಲುವುದನ್ನೂ ಬಿಟ್ಟಳು.

ನಿಜ ಗೊತ್ತಾದದ್ದು ರಹಮತ್ ಸಿಸ್ಟರ್ ಬಂದ ದಿನ. ನಮಗೆಲ್ಲ ಈ ಕೆಲಸ ಕಲಿಸಿದವರು ಅವರೇ, ಆರೋಗ್ಯ ಕೇಂದ್ರದವರು. ಹೊಸದಾಗಿ ಕೇಳುವ ಮನೆಗೆ ಸೊಸೆಯಾಗಿ ಬಂದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ನನ್ನ ಕಡೆ ಕೈ ಮಾಡಿ, ಶಾಂತಕ್ಕನ ಅಡುಗೆಮನೆ ನೋಡು, ಈ ಹೊಳಪು ನೋಡು, ಇದೆಲ್ಲ ಬೇರೆಯವರ ಹೊಗೆ ಎಂದು ಅವಳಿಗೆ ತೋರಿಸುತ್ತಿದ್ದರು. ಆ ಹುಡುಗಿ ತನ್ನ ಮೈದುನನ ಸಣ್ಣ ಮಗುವನ್ನು ಸೊಂಟದ ಮೇಲೆ ಹೊತ್ತಿದ್ದಳು. ಫೋನು ಬಂದಾಗ ಇದನ್ನು ಏನು ಮಾಡಲಿ ಎಂದು ಕೇಳಿದಳು. ಅಳಲಿ, ಬೀಳಲಿ, ಮೊದಲು ಕೆಳಗಿಳಿಸಬೇಕು ಎಂದರು ಸಿಸ್ಟರ್. "ಬೇಕಾರ ಶಾಂತಕ್ಕನ್ನ ಕೇಳು. ಅವರಿಗೆ ಇದನ್ನ ಯಾರೂ ಹೇಳೋ ಹಂಗಿಲ್ಲ."

ನಾನು ಹೌದು ಅನ್ನಲು ತಲೆ ಎತ್ತಿದೆ. ಬಾಗಿಲಾಚೆ ನಡುಮನೆಯಲ್ಲಿ ಹೊನ್ನಿ ಹಾಲು ಕುಡಿದು ಕೂತಿದ್ದಳು. ಬೆನ್ನು ಕಂಬಕ್ಕೆ. ಬಲಮೊಣಕಾಲು ಮೇಲಕ್ಕೆ. ಮೊಣಕಾಲ ಮೇಲೆ ಚಾಚಿದ ಕೈಯ ಎರಡು ಬೆರಳು ಸ್ವಲ್ಪ ಬಿಟ್ಟುಕೊಂಡು, ಏನನ್ನೋ ಹಿಡಿಯಲು ಕಾದ ಹಾಗೆ. ಕಣ್ಣು ಎಲ್ಲೋ ಇತ್ತು. ಮೂರನೆಯ ಇಯತ್ತೆಯಲ್ಲಿ ಓದುವ ಹುಡುಗಿ ಹಾಗೆ ಕೂರುವುದಿಲ್ಲ. ದಿನವೆಲ್ಲ ಕಲ್ಲು ಹೊತ್ತ ಮುದುಕ ಕೂರುತ್ತಾನೆ.

ಸಿಸ್ಟರ್ ಮಾತು ಮುಂದುವರಿಸುತ್ತಿದ್ದರು. ನಾನು ತಲೆಯಾಡಿಸಿದೆ. ಹೌದು, ಮುಟ್ಟಬಾರದು ಎಂದೂ ಹೇಳಿದೆ. ಆ ಹೊಸ ಹುಡುಗಿ ಭಯದಿಂದ ಮಗುವನ್ನು ಆಗಲೇ ಕೆಳಗಿಳಿಸಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ತಡೆಯುವುದಕ್ಕೂ ಆಗಲಿಲ್ಲ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಮನೆಯವರಿಗೂ ಹೇಳಲಿಲ್ಲ. ಜಂತು ಇನ್ನೂ ಪೂರ್ತಿ ಹೋಗಿಲ್ಲ ಎಂದೆ. ಫೋನು ಬಂದರೆ ತೆಗೆದುಕೊಳ್ಳುತ್ತಿದ್ದೆ, ಆಮೇಲೆ ಬಚ್ಚಲಿಗೆ ಹೋಗಿ ಬೆರಳ ಚರ್ಮ ಸುಲಿಯುವ ತನಕ ತಿಕ್ಕುತ್ತಿದ್ದೆ. ಕೊಡದಲ್ಲಿ ಮುಖ ಕಾಣುವ ಹೊತ್ತಿಗೆ ಅದನ್ನು ಗೋಡೆಯ ಕಡೆ ತಿರುಗಿಸಿಡುತ್ತಿದ್ದೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಒಮ್ಮೆ ಕೆಳಗಿನ ಓಣಿ ನೋಡಿದೆ. ಪಾಳಿ ಮುಗಿಸಿದ ಭಟ್ಟಿಯ ಆಳುಗಳು ಬೀಡಿ ಹಚ್ಚಿಕೊಂಡು ಹೊರಟಿದ್ದರು. ಅವರ ಹಿಂದೆ, ಹೊಗೆ ಇಳಿಯುವ ಜಾಗದಲ್ಲಿ ಸರಿಯಾಗಿ ಹೆಜ್ಜೆಯಿಡುತ್ತ, ಪಾಟಿಚೀಲ ಹೊತ್ತ ನನ್ನ ಮಗಳು ನಡೆಯುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಮ್ಮ ಮನೆಯ ಬಾಗಿಲು ದಾಟಿದ್ದು ಅವಳಿಗೆ ತಿಳಿದಿರಲಿಲ್ಲ. ನಾನು ಕೂಗಲಿಲ್ಲ. ಕೂಗಿದರೆ ಓಣಿಯವರು ನೋಡುತ್ತಾರೆ ಎನ್ನುವುದು ನನಗೆ ಮೊದಲು ಹೊಳೆಯಿತು. ಮಗಳಿಗಿಂತ ಮೊದಲು ಅದು ಹೊಳೆಯಿತು.

ಅದೇ ವಾರ ಆ ಮುದುಕ ಮತ್ತೆ ಫೋನು ಮಾಡಿದ. ತಲಬಿಗಾಗಿ ಅಲ್ಲ, ಸುದ್ದಿ ಹೇಳಲು. ಹೆಣ್ಣು ಕೂಸು ಹುಟ್ಟಿದೆ. ಮಗಳು ಅವನ ಕೈ ಮೂಸಿ ನೋಡಿ, ಅಂಗಿ ಮೂಸಿ ನೋಡಿ, ಕೂಸನ್ನು ಕೊಟ್ಟಳು. ಅವತ್ತು ಹೋದದ್ದು ಮತ್ತೆ ಬಂದೇ ಇಲ್ಲವಂತೆ, ಚಹಾ ಕುಡಿದರೂ ಕೈ ಸುಮ್ಮನೆ ಇರುತ್ತದಂತೆ. ನಿನ್ನ ಕೈಗುಣ ಯವ್ವಾ ಎಂದ. ಕೂಸು ಅವನ ತೊಡೆಯ ಮೇಲೇ ಇತ್ತೆಂದು ಕಾಣುತ್ತದೆ. ಅದು ಕುಂಯ್ ಎಂದದ್ದು ನನಗೆ ಕೇಳಿಸಿತು.

ಇದು ನಿಮ್ಮದು, ನಿಮ್ಮದನ್ನು ನೀವು ವಾಪಸು ತೆಗೆದುಕೊಳ್ಳಿ, ನನ್ನ ಮಗಳನ್ನು ಬಿಡಿ ಎನ್ನುವ ಮಾತು ಬಾಯಿಯ ತನಕ ಬಂತು. ಹೇಳಿದ್ದರೆ ಅವನು ತೆಗೆದುಕೊಳ್ಳುತ್ತಿದ್ದ. ಅಂಥ ಮನುಷ್ಯನೇ ಅವನು. ಕೂಸನ್ನು ಕೆಳಗೆ ಮಲಗಿಸಿ, ಹೂಂ ಕೊಡವಾ ಅನ್ನುತ್ತಿದ್ದ. ಅದು ಗೊತ್ತಿದ್ದೇ ನನಗೆ ಮಾತು ಹೊರಡಲಿಲ್ಲ.

"ನಿನ್ನ ಹೆಸರು ಹೇಳವಾ. ಕೇಳಬಾರದು, ಗೊತ್ತೈತಿ. ಕೂಸಿಗೆ ಇಡತೇವಿ" ಎಂದ.

ಹೊನ್ನವ್ವ ಅಂತ ಇಡ್ರಿ ಎಂದು ಹೇಳಿ ರಿಸೀವರ್ ಇಟ್ಟುಬಿಟ್ಟೆ.

ಹೊನ್ನಿಯ ಪಾಟಿಚೀಲ ಒಗೆಯಲು ಬರಿದು ಮಾಡಿದಾಗ ಕಂಪಾಸ್ ಪೆಟ್ಟಿಗೆ ತೆರೆದುಕೊಂಡಿತು. ರಬ್ಬರಿನ ಕೆಳಗೆ, ಹಳೆಯ ರಿಬ್ಬನ್ನಿನ ತುಂಡಿನಲ್ಲಿ ಸುತ್ತಿ, ಅರ್ಧ ಸೇದಿ ಎಸೆದ ಬೀಡಿಯೊಂದನ್ನು ಇಟ್ಟುಕೊಂಡಿದ್ದಳು. ಅವಳಾಗಿ ಅದನ್ನು ಹಚ್ಚಿರಲಿಲ್ಲ. ತುದಿಯಲ್ಲಿ ಹಲ್ಲಿನ ಗುರುತೂ ಇರಲಿಲ್ಲ. ಬೀದಿಯಲ್ಲಿ ಸಿಕ್ಕ ಹಕ್ಕಿಯ ಗರಿ ಇಟ್ಟುಕೊಳ್ಳುವಂತೆ ಇಟ್ಟುಕೊಂಡಿದ್ದಳು. ಅದು ಏನಕ್ಕೆ ಬೇಕೆಂದು ಅವಳಿಗೆ ಇನ್ನೂ ಗೊತ್ತಾಗಿಲ್ಲ, ಕೈಗೆ ಮಾತ್ರ ಗೊತ್ತಾಗಿದೆ. ಎಸೆದರೆ, ಅವ್ವ ನೋಡಿದಳು ಎಂದು ತಿಳಿಯುತ್ತದೆ, ಬಾಯಿ ಇನ್ನೂ ಬಿಗಿಯುತ್ತದೆ. ಹೇಗಿತ್ತೋ ಹಾಗೇ ಸುತ್ತಿಟ್ಟೆ. ಮನೆಯಲ್ಲಿದ್ದ ಕಡ್ಡಿಪೆಟ್ಟಿಗೆಗಳನ್ನೆಲ್ಲ ಹೆಕ್ಕಿ ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಜೆ ದೀಪ ಹಚ್ಚಲು ಮನೆಯವರು ಮೂಲೆ ಮೂಲೆ ಹುಡುಕಿದರು. ಕೇಳಿದಾಗ ಒಂದು ಕಡ್ಡಿ ತೆಗೆದುಕೊಟ್ಟೆ. "ಬೊಕ್ಕಸ ಕಾಯೋರಂಗ ಕಾಯಾಕತ್ತೀಯಲ್ಲ, ಕಡ್ಡಿಗೆ ಅಷ್ಟು ಬರ ಬಂದೈತೇನು?" ಎಂದರು. ನಾನು ನಗಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ದೀಪ ಹಚ್ಚಿದರು.

ಮರುದಿನ ಸಂಕವ್ವನ ಮನೆಗೆ ಹೋದೆ. ಅವಳು ಕುಟ್ಟುತ್ತಿದ್ದಳು. ಖಾರದ ಘಾಟಿಗೆ ಕಣ್ಣಲ್ಲಿ ನೀರು ಬಂದದ್ದು ನನಗೆ ಅನುಕೂಲವೇ ಆಯಿತು. ರಿಬ್ಬನ್ನು ಕಚ್ಚಿ ಹಿಡಿದದ್ದರಿಂದ ಹಿಡಿದು ಔಡಲೆಣ್ಣೆಯ ತನಕ ಎಲ್ಲ ಹೇಳಿದೆ. ಬಯ್ಯುತ್ತಾಳೆ, ಅವತ್ತು ನಾನು ಹೇಳಲಿಲ್ಲವೇ ಅನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಎಮ್ಮೆಯ ಕತೆ ಹೇಳಿದಳು. ಹಾಲು ಹಿಂಡುತ್ತ ಫೋನು ಹಿಡಿದಿದ್ದಳಂತೆ. ಹಣೆ ಎಮ್ಮೆಯ ಪಕ್ಕೆಗೆ ತಾಗಿತ್ತು. ಅವತ್ತಿನಿಂದ ಅದು ಮೇಯಲು ಬಿಟ್ಟರೆ ಪಾನ್ ಅಂಗಡಿಯ ಹಿಂದೆ ಹೋಗಿ ನಿಲ್ಲುತ್ತಿತ್ತು. ಊರೆಲ್ಲ ನಕ್ಕಿತು, ಇವಳೂ ನಕ್ಕಳು, ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

"ಸಾಯೂತನಕ ಹಂಗಾ ನಿಂತಿತ್ತು ತಂಗಿ. ಅದಕ್ಕ ಬಾಯಿ ಇರಲಿಲ್ಲ, ಕೇಳಾಕ ಬರಲಿಲ್ಲ. ನಿನ್ನ ಮಗಳಿಗೆ ಬಾಯಿ ಐತಿ" ಎಂದಳು.

ಬಂದ ದಾರಿಯಲ್ಲೇ ಅದು ಹೋಗುತ್ತದೆ, ಅದೇ ಕೂದಲನ್ನು ಹಾಗೇ ಹಿಡಿ ಎಂದಳು. ಆದರೆ ಫೋನಿನವರಂತೆ ನಿನ್ನ ಮಗಳೇ ಬಾಯಿಬಿಟ್ಟು ಹೇಳಬೇಕು. ಬೀಡಿ ಎಂದು ನೀನೇ ಹೆಸರು ಹೇಳಿಕೊಟ್ಟರೆ ಅದು ಆ ಹೆಸರು ಹಿಡಿದುಕೊಂಡು ಅಲ್ಲೇ ಮನೆ ಮಾಡುತ್ತದೆ. ತನಗೆ ಏನೋ ಬೇಕಾಗಿದೆ ಎಂದಷ್ಟಾದರೂ ಅವಳು ಹೇಳಲಿ, ಸಾಕು. ಅವಳು ಹೇಳುತ್ತಿಲ್ಲವಲ್ಲ, ನಾನೇನು ಮಾಡಲಿ ಎಂದೆ.

"ಹ್ಯಾಂಗ ಹೇಳತಾಳ? ಹಸದೇನಂತ ಬಂದು ನಿಂತ್ರ ಎಣ್ಣಿ ಕುಡಿಸಿದಿ. ತನ್ನದಾ ತಪ್ಪು ಅಂತ ತಿಳದೈತಿ ಕೂಸು. ತಪ್ಪು ನಿಂದೈತಿ ಅಂತ ಮೊದಲ ಅಕಿಗೆ ಹೇಳು."

ಮನೆಗೆ ಬಂದು ರೊಟ್ಟಿಗೆ ಹಿಟ್ಟು ನಾದುತ್ತ ಅದನ್ನೇ ನೆನೆದೆ. ನಾಚಿಕೆ ಪಡಬೇಕಾದವಳು ನಾನು. ಅದನ್ನು ಹೊತ್ತುಕೊಂಡು ಓಡಾಡಿದವಳು ಅವಳು. ಬಟ್ಟಲು ತಾನೇ ತೊಳೆದಿಟ್ಟದ್ದು ಅದಕ್ಕೆ. ರಾತ್ರಿ ಊಟಕ್ಕೆ ಬಡಿಸುವಾಗ ಮನೆಯವರಿಗೆ ಹೇಳಿದೆ. ಅವರು ತುತ್ತು ಹಿಡಿದುಕೊಂಡು ಕೂತರು. ಆಮೇಲೆ, ಕಡ್ಡಿಪೆಟ್ಟಿಗೆ ಅದಕ್ಕೇನು ಎಂದಷ್ಟೇ ಕೇಳಿದರು. ಅದಕ್ಕೇ ಎಂದೆ. ಎದ್ದು ಕೈ ತೊಳೆದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಚ್ಚಲಿನಲ್ಲಿದ್ದ ಹಿತ್ತಾಳೆ ಕೊಡವನ್ನೂ, ಬೂದಿ ಹುಣಸೆಹಣ್ಣನ್ನೂ ತಂದು ಮಣೆಯ ಪಕ್ಕದಲ್ಲಿ ಇಟ್ಟು ಕೆಲಸಕ್ಕೆ ಹೋಗಿದ್ದರು.

ಹೊನ್ನಿಯನ್ನು ಮಣೆಯ ಮೇಲೆ ಕೂರಿಸಿದೆ. ಮೊದಲನೆಯ ಹೆರಳು ಹಾಕಿ ಮುಗಿಸಿದೆ. ಎರಡನೆಯದಕ್ಕೆ ಕೂದಲನ್ನು ಮೂರು ಪಾಲು ಮಾಡುವಾಗ ಫೋನು ಬಾರಿಸಿತು. ಅವಳು ತಟ್ಟನೆ ಎದ್ದಳು. ಕೂಡವಾ ಎಂದೆ. ಅವಳು ಕೂತಳು, ಆದರೆ ಹೆಗಲು ಎರಡೂ ಕಿವಿಯ ತನಕ ಏರಿದವು. ಫೋನು ಬಾರಿಸುತ್ತಲೇ ಇತ್ತು. ಆ ತುದಿಯಲ್ಲಿ ಯಾರೋ ಚಹಾ ಕುಡಿದು, ಕೈಯನ್ನು ಕೈಯಿಂದ ಹಿಡಿದುಕೊಂಡು ಕಾಯುತ್ತಿದ್ದರು. ಕೇಳುವ ಮನೆಗೆ ಬಂದಾಗಿನಿಂದ ನಾನು ಒಂದು ಫೋನನ್ನೂ ಬಾರಿಸಲು ಬಿಟ್ಟವಳಲ್ಲ. ಅವತ್ತು ಬಿಟ್ಟೆ. ಅವರು ಹಚ್ಚಿಕೊಂಡಿದ್ದರೆ ಅದೂ ನನ್ನ ಲೆಕ್ಕಕ್ಕೇ ಸೇರಲಿ.

"ಯವ್ವಾ, ಫೋನು" ಎಂದಳು ಹೊನ್ನಿ.

"ಇರಲಿ. ನಿನ್ನ ಮುಂದ ಒಂದು ಮಾತು ಹೇಳೂದೈತಿ."

ಹೇಳಿದೆ. ಅವತ್ತು ನೀನು ಏಳಲು ಹೋಗಿದ್ದೆ, ಹಿಡಿದು ಕೂರಿಸಿದವಳು ನಾನು ಎಂದೆ. ಬೇರೆ ಯಾರದೋ ಒಂದು ನನ್ನ ಕೈಯಿಂದ ನಿನ್ನೊಳಗೆ ಬಂದಿದೆ, ಅದು ನಿನ್ನದಲ್ಲ, ನೀನು ಕೆಟ್ಟ ಹುಡುಗಿ ಅಲ್ಲ ಎಂದೆ. ಎಣ್ಣೆ ಕುಡಿಸಿದ್ದು ತಪ್ಪು ಎಂದೆ. ಗೊತ್ತಾದ ಮೇಲೂ ಸುಮ್ಮನಿದ್ದೆ, ಜನ ಏನಂದಾರು ಎಂದು ಸುಮ್ಮನಿದ್ದೆ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದೆ. ಹೆಸರು ಮಾತ್ರ ಹೇಳಲಿಲ್ಲ. ಅದು ಹಲ್ಲಿನ ತನಕ ಬಂದು ಅಲ್ಲೇ ತಡೆದು ನಿಂತಿತು.

ಅವಳು ತಿರುಗಿ ನೋಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಕೂತಳು. ಮಾತು ಹುಡುಕುವವರಿಗೆ ಅವಸರ ಮಾಡಬಾರದು. ಎಷ್ಟೋ ಮಂದಿ ಗುರುತಿಲ್ಲದ ಗಂಡಸರಿಗೆ ನಾನು ಕೊಟ್ಟ ಆ ಸಮಾಧಾನವನ್ನು ನನ್ನ ಮಗಳಿಗೆ ಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ನೀರಿನ ತಂಬಿಗೆ ಅವಳ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದಳು. ಸ್ವಲ್ಪ ತಡೆದು, ಇನ್ನೊಂದು ಕುಡಿದಳು. ಫೋನು ಬಾರಿಸುವುದು ನಿಂತಿತು. ಶಾಲೆಯ ಗಂಟೆ ಹೊಡೆಯಿತು, ಇಬ್ಬರೂ ಏಳಲಿಲ್ಲ. ನಾನು ಹೆಣೆಯುತ್ತ ಹೋದೆ, ನಿಧಾನವಾಗಿ, ಕೂದಲು ಕೈಯಿಂದ ಜಾರದ ಹಾಗೆ. ಹೆರಳು ಇನ್ನೇನು ಮುಗಿಯುತ್ತದೆ ಅನ್ನುವಾಗ ಅವಳು ತಂಬಿಗೆ ಕೆಳಗಿಟ್ಟಳು.

"ಯವ್ವಾ" ಎಂದಳು. ಈ ಸಲ ನಾನು ಏನವಾ ಎಂದು ಅವಸರಿಸಲಿಲ್ಲ. ಹೆರಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ನನಗ ಏನು ಬೇಕಾಗೇತಿ?"